ತಳದಲ್ಲಿ ಕೂತ ನೀರು

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಗಾಡಿ ಹಳೆಯದಾದ ಮಾತ್ರಕ್ಕೆ ಗುಜರಿಗೆ ಹೋಗುವುದಿಲ್ಲ. ಹುಲ್ಲಿನ ಹೊರೆ, ಹಾಲಿನ ಕ್ಯಾನು ಹೊರುವ ಮೊಪೆಡ್ಡುಗಳಿವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಲ್ಲುವ ಮುನ್ನ ತಯಾರಿಸಿದ ಯೆಜ್ಡಿಗಳನ್ನು ಜೋಪಾನ ಮಾಡುವವರೂ ಇದ್ದಾರೆ. ಇಂಥ ಗಾಡಿಯ ಪೆಟ್ರೋಲ್ ಟ್ಯಾಂಕಿನ ತಳದಲ್ಲಿ ಒಂದು ದಿನ ಒದ್ದೆ ಕಲೆ ಮೂಡುತ್ತದೆ. ಕೂಡಲೇ ಬಟ್ಟೆಸೋಪು ತಿಕ್ಕುವುದು, ಎಂ-ಸೀಲ್ ಮೆತ್ತುವುದು, ಅದೂ ನಿಲ್ಲದಿದ್ದರೆ ವೆಲ್ಡಿಂಗ್ ಅಂಗಡಿಗೆ ಒಯ್ಯುವುದು. ಮೂರೂ ಹೊರಗಿನ ಆರೈಕೆಗಳು. ಆ ತೂತು ಹೊರಗೆ ಕಾಣುವ ಎಷ್ಟೋ ವರ್ಷ ಮೊದಲೇ ಒಳಗೆ ಶುರುವಾಗಿರುತ್ತದೆ. ಆದ್ದರಿಂದ ಟ್ಯಾಂಕಿನ ಒಳಗನ್ನು ಮುಟ್ಟದ ಯಾವ ದುರಸ್ತಿಯೂ ಬಾಳುವುದಿಲ್ಲ ಎಂಬುದು ನನ್ನ ವಾದ.

ಟ್ಯಾಂಕಿನೊಳಗೆ ನೀರು ಬರುವ ದಾರಿ ನೋಡಿ. ಪೆಟ್ರೋಲ್ ಕಡಿಮೆಯಾದಂತೆ ಆ ಜಾಗಕ್ಕೆ ಗಾಳಿ ಬರಲೇಬೇಕು. ಅದಕ್ಕಾಗಿ ಮುಚ್ಚಳದಲ್ಲಿ ಸಣ್ಣ ರಂಧ್ರವಿರುತ್ತದೆ. ಹಗಲು ಬಿಸಿಲಿಗೆ ಹಿಗ್ಗಿ ಹೊರಹೋದ ಗಾಳಿ ರಾತ್ರಿ ತಂಪಿಗೆ ಮತ್ತೆ ಒಳಸೇರುವಾಗ ತೇವವನ್ನೂ ಹೊತ್ತು ತರುತ್ತದೆ. ನಾಲೆ, ಗದ್ದೆ, ಕಬ್ಬಿನ ತೋಟಗಳ ನಡುವೆ ನಿಲ್ಲುವ ಗಾಡಿಗೆ ಆ ತೇವಕ್ಕೆ ಬರವಿಲ್ಲ. ಅದು ತಣ್ಣನೆಯ ತಗಡಿನ ಮೇಲೆ ಹನಿಗಟ್ಟಿ ಇಳಿಯುತ್ತದೆ. ಲೀಟರ್ ಪೆಟ್ರೋಲ್ ತೂಗುವುದು ಮುಕ್ಕಾಲು ಕಿಲೋದಷ್ಟು, ನೀರು ಒಂದು ಕಿಲೋ. ಹಾಗಾಗಿ ನೀರು ಪೆಟ್ರೋಲಿನ ಅಡಿಗೆ ಹೋಗಿ, ಟ್ಯಾಂಕಿನ ಅತಿ ತಗ್ಗಿನ ಮೂಲೆಯಲ್ಲಿ ಕೂರುತ್ತದೆ. ಹಳೆಯ ಟ್ಯಾಂಕುಗಳು ಹೆಚ್ಚಾಗಿ ಅಲ್ಲೇ ಸೋರುವುದು ಕಾಕತಾಳೀಯವಲ್ಲ. ತಾಮ್ರದ ಕಿಲುಬು ಲೋಹಕ್ಕೆ ಅಂಟಿಕೊಂಡು ಒಂದಿಷ್ಟು ಕಾವಲು ಕಾಯುತ್ತದೆ. ಕಬ್ಬಿಣದ ತುಕ್ಕಿಗೆ ಆ ಗುಣವಿಲ್ಲ. ಅದು ಉಬ್ಬಿ, ಪದರ ಪದರವಾಗಿ ಎದ್ದು, ಕೆಳಗಿನ ಹೊಸ ಲೋಹವನ್ನು ನೀರಿಗೆ ಒಡ್ಡುತ್ತಲೇ ಹೋಗುತ್ತದೆ. ಒಂದು ಮಿಲಿಮೀಟರ್ ಆಸುಪಾಸಿನ ತಗಡು ಎಷ್ಟೆಂದು ತಾಳೀತು?

ಈಚೆಗೆ ಎಲ್ಲರ ಬೆರಳೂ ಎಥನಾಲ್ ಕಡೆಗೆ ತೋರುತ್ತಿದೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. 1933ರಿಂದ ಮೈಷುಗರ್ ಕಾರ್ಖಾನೆಯನ್ನು ಕಂಡ ಮಂಡ್ಯಕ್ಕೆ ಎಥನಾಲ್ ಹೊರಗಿನದಲ್ಲ. ಕಬ್ಬಿನ ಹಾಲಿನಿಂದಲೂ ಕಾಕಂಬಿಯಿಂದಲೂ ಬರುವ ಸರಕು ಅದು. ದೂರಿನಲ್ಲಿ ಅರ್ಧ ನಿಜವಿದೆ. ಎಥನಾಲ್ ನೀರನ್ನು ಹೀರುತ್ತದೆ. ಮಿತಿ ಮೀರಿದಾಗ ನೀರಿನ ಜೊತೆಗೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತದೆ. ಅದು ಒಳ್ಳೆಯ ದ್ರಾವಕವೂ ಹೌದು: ಹಳೆಯ ಪೆಟ್ರೋಲ್ ಆರಿ ಗೋಡೆಗೆ ಅಂಟಿದ ಜಿಗುಟನ್ನು ಸಡಿಲಿಸುತ್ತದೆ. ಅದುವರೆಗೆ ಸೂಜಿಮೊನೆಯಂಥ ತೂತುಗಳನ್ನು ಮುಚ್ಚಿಹಿಡಿದಿದ್ದದ್ದು ಆ ಜಿಗುಟು ಮತ್ತು ತುಕ್ಕು. ಅಲ್ಲಿಗೆ, ಹೊಸ ಪೆಟ್ರೋಲ್ ಹಾಕಿಸಿದ ತಿಂಗಳಲ್ಲೇ ಟ್ಯಾಂಕು ಸೋರಿತು ಎಂಬ ದೂರು ಸುಳ್ಳಾಗಬೇಕಿಲ್ಲ. ಆದರೆ ತೂತು ಕೊರೆದದ್ದು ಹಳೆಯ ನೀರು. ಎಥನಾಲ್ ಅದರ ಬಿರಡೆ ತೆಗೆದಿದೆ.

ಸೋಪಿನ ಉಪಾಯವನ್ನೇ ಪರೀಕ್ಷಿಸೋಣ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಹಾಗಾಗಿ ದಾರಿಯಲ್ಲಿ ಕೈಕೊಟ್ಟ ಗಾಡಿಯನ್ನು ಊರು ಮುಟ್ಟಿಸುತ್ತದೆ. ನೀರಿನಲ್ಲಿ ಮಾತ್ರ ಕರಗುತ್ತದೆ, ಮತ್ತು ತೂತಿನ ಒಳಬದಿಯಲ್ಲಿ ಕಾದು ಕೂತಿರುವುದು ನೀರೇ. ಎಂ-ಸೀಲ್ ಮೆತ್ತಿ ನಾಲ್ಕು ವರ್ಷ ಓಡಿಸಿದವರಿಲ್ಲವೇ ಎಂದು ಕೇಳಬಹುದು. ಇದ್ದಾರೆ. ಬ್ರಾಕೆಟ್ ಅದುರಿ ಬಿಟ್ಟ ಬಿರುಕು, ಬಿದ್ದಾಗ ಆದ ಏಟು ಇಂಥವಕ್ಕೆ, ಟ್ಯಾಂಕು ಬರಿದು ಮಾಡಿ, ಬಣ್ಣ ಕೆರೆದು, ಒಣ ಲೋಹದ ಮೇಲೆ ಹಚ್ಚಿದರೆ ಅದು ನಿಲ್ಲುತ್ತದೆ. ತುಕ್ಕಿನ ತೂತಿನ ಸುತ್ತಲ ತಗಡು ಕಾಗದದಷ್ಟು ತೆಳುವಾಗಿರುತ್ತದೆ. ತೇಪೆ ಗಟ್ಟಿಯಾಗಿದ್ದರೂ ಅದರ ಅಂಚಿನಲ್ಲೇ ಮತ್ತೊಂದು ತೂತು ಬೀಳುತ್ತದೆ.

ವೆಲ್ಡಿಂಗ್ ವಿಷಯದಲ್ಲಿ ಮಾತ್ರ ಸ್ವಲ್ಪವೂ ರಿಯಾಯಿತಿ ಕೊಡಲಾರೆ. ‘ಟ್ಯಾಂಕು ಖಾಲಿ ಮಾಡಿದ್ದೀವಿ’ ಎಂಬ ಧೈರ್ಯವೇ ಜೀವ ತೆಗೆಯುವಂಥದ್ದು. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ. 1.4ರಿಂದ 7.6ರಷ್ಟಿದ್ದರೆ ಒಂದು ಕಿಡಿಗೆ ಸಿಡಿಯುತ್ತದೆ. 12 ಲೀಟರಿನ ಟ್ಯಾಂಕಿನಲ್ಲಿ ಶೇ. 1.4 ಎಂದರೆ 168 ಮಿಲಿಲೀಟರ್ ಆವಿ. ಒಂದೇ ಮಿಲಿಲೀಟರ್ ಪೆಟ್ರೋಲ್, ಅಂದರೆ ಇಪ್ಪತ್ತು ಹನಿಯಷ್ಟು, ಆವಿಯಾದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ತುಕ್ಕಿನ ಪದರಗಳ ನಡುವೆ, ತಗಡಿನ ಮಡಿಕೆಯಲ್ಲಿ ಇಪ್ಪತ್ತು ಹನಿ ಉಳಿಯುವುದು ಏನು ಕಷ್ಟ? ಅದರ ಆವಿ ಗಾಳಿಗಿಂತ ಮೂರ್ನಾಲ್ಕು ಪಟ್ಟು ಭಾರ, ಮುಚ್ಚಳ ತೆಗೆದಿಟ್ಟರೆ ತಾನಾಗಿ ಹೊರಟುಹೋಗುವುದಿಲ್ಲ. ತೂತು ಮೇಲಾಗುವಂತೆ ಹಿಡಿದು ಅಲ್ಲಿಯವರೆಗೂ ನೀರು ತುಂಬುವ ಪದ್ಧತಿ ಆವಿಯ ಜಾಗವನ್ನು ಕುಗ್ಗಿಸುತ್ತದೆ, ನಿಜ. ಆದರೂ ಮೊದಲು ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆಯದೆ ಬೆಂಕಿ ತೋರಿಸಬಾರದು. ತೆಳು ತಗಡಿಗೆ ವೆಲ್ಡಿಂಗಿನ ಉರಿ ಹೆಚ್ಚಾಗಿ ತೂತು ದೊಡ್ಡದಾಗುವುದೂ ಉಂಟು. 200 ಡಿಗ್ರಿಯೊಳಗೆ ಕರಗುವ ಸೀಸ-ತವರದ ಬೆಸುಗೆ ಅಲ್ಲಿ ವಾಸಿ. ಅದು ನುರಿತವರ ಕೆಲಸ, ಮನೆಯಂಗಳದ್ದಲ್ಲ.

ಇಷ್ಟಾದ ಮೇಲೆ ಒಳಗಿನ ಕೆಲಸ. ಹಿಡಿ ಜಲ್ಲಿಯನ್ನೋ ತುಂಡು ಸರಪಳಿಯನ್ನೋ ಹಾಕಿ ಕುಲುಕಿದರೆ ಸಡಿಲ ತುಕ್ಕು ಉದುರುತ್ತದೆ. ಉಳಿದದ್ದನ್ನು ನಿಂಬೆ ಉಪ್ಪಿನ ದ್ರಾವಣ ಇಲ್ಲವೇ ಫಾಸ್ಫಾರಿಕ್ ಆಮ್ಲ ತೆಗೆಯುತ್ತದೆ. ತೊಳೆದ ಬೆತ್ತಲೆ ಉಕ್ಕು ಕೆಲವೇ ಗಂಟೆಗಳಲ್ಲಿ ಮತ್ತೆ ಕೆಂಪಾಗುವುದರಿಂದ ಕೂಡಲೇ ಬಿಸಿಗಾಳಿ ಊದಿ ಒಣಗಿಸಿ ಒಳಲೇಪ ಹಾಕಬೇಕು. ಎಥನಾಲ್ ತಾಳುವ ಲೇಪವೇ ಆಗಬೇಕು. ಇಲ್ಲದಿದ್ದರೆ ಅದು ಸಿಪ್ಪೆಯಂತೆ ಎದ್ದು ಕಾರ್ಬೊರೇಟರ್ ಕಟ್ಟಿಕೊಳ್ಳುತ್ತದೆ. ಇಷ್ಟೆಲ್ಲ ಖರ್ಚಿಗೆ ಹೊಸ ಟ್ಯಾಂಕೇ ಬರುವುದಿಲ್ಲವೇ? ಬರುವ ಗಾಡಿಗೆ ಹೊಸದೇ ಸರಿ. ತಳವನ್ನು ಹೆಬ್ಬೆರಳಲ್ಲಿ ಒತ್ತಿದರೆ ತಗ್ಗುವಷ್ಟು ತಗಡು ಸವೆದಿದ್ದರೂ ಅಷ್ಟೇ. ತಯಾರಿಕೆ ನಿಂತ ಗಾಡಿಯ ಮಾತು ಬೇರೆ. ಅಲ್ಲಿ ಗಟ್ಟಿ ತಗಡಿನ ಹಳೆಯ ಟ್ಯಾಂಕಿಗೆ ಬದಲಿಲ್ಲ. ಅಂಥದ್ದನ್ನು ವಾರಗಟ್ಟಲೆ ನಿಲ್ಲಿಸುವಾಗ ಪೂರ್ತಿ ತುಂಬಿಸಿಟ್ಟರೆ ತೇವದ ಗಾಳಿಗೆ ಜಾಗವಿರುವುದಿಲ್ಲ. ಮಳೆಗಾಲ ಕಳೆದ ಮೇಲೆ ಬೀಡಿ, ದೀಪ ಹತ್ತಿರವಿಲ್ಲದ ಕಡೆ ಪೆಟ್ರೋಲ್ ಕಾಕಿನಿಂದ ಸ್ವಲ್ಪವನ್ನು ಗಾಜಿನ ಬಾಟಲಿಗೆ ಇಳಿಸಿ ಹತ್ತು ನಿಮಿಷ ಬಿಟ್ಟು ನೋಡಬಹುದು: ನೀರಿದ್ದರೆ ಬಾಟಲಿಯ ತಳದಲ್ಲಿ ಬೇರೆಯೇ ಪದರವಾಗಿ ನಿಂತಿರುತ್ತದೆ.