ವಯಣ ಮರದ ಗಾಯ

ತಮಿಳುನಾಡಿನ ಕಂಬಂನಿಂದ ಕೇರಳದ ಕುಮಳಿಗೆ ಹತ್ತುವ ಘಾಟಿಯಲ್ಲಿ ಬೆಟ್ಟದ ಮೈಗೆ ಅಂಟಿಕೊಂಡ ದಪ್ಪ ಕೊಳವೆಗಳು ಕಾಣುತ್ತವೆ. ಪೆರಿಯಾರ್ ಜಲಾಶಯದ ನೀರು ಸುರಂಗ ದಾಟಿ, ಈ ಕೊಳವೆಗಳಲ್ಲಿ ಲೋಯರ್ ಕ್ಯಾಂಪಿನ ವಿದ್ಯುದಾಗಾರಕ್ಕೆ ಧುಮುಕಿ, ಅಲ್ಲಿಂದ ಕಂಬಂ ಕಣಿವೆಯ ಭತ್ತಕ್ಕೂ ದ್ರಾಕ್ಷಿ ಚಪ್ಪರಗಳಿಗೂ ಹರಿಯುತ್ತದೆ. 1895ರಲ್ಲಿ ಅಣೆಕಟ್ಟು ಮುಗಿದಂದಿನಿಂದ ಕಣಿವೆಯ ಬೇಸಾಯ ನಿಂತಿರುವುದೇ ಮೇಲಿನ ಕಾಡಿನ ನೀರಿನ ಮೇಲೆ. ಆ ಕಾಡಿನಿಂದ ಒಂದು ಕಾಲಕ್ಕೆ ಇನ್ನೊಂದು ಸರಕೂ ಕಳ್ಳದಾರಿಯಲ್ಲಿ ಹೊರಬೀಳುತ್ತಿತ್ತು: ವಯಣ ಮರದ ತೊಗಟೆ.

ವಯಣ ನಮ್ಮ ಅಡುಗೆಮನೆಯ ಚಕ್ಕೆಯ ಬಳಗದ ಮರ. ಬುಡದಿಂದ ತುದಿಯವರೆಗೆ ಓಡುವ ಮೂರು ನರಗಳಿಂದಲೇ ಎಲೆಯನ್ನು ಗುರುತಿಸಬಹುದು. ಹಿಸುಕಿದರೆ ಬೆರಳಿಗೆ ಪರಿಮಳ ಹತ್ತುತ್ತದೆ. ಡಿಸೆಂಬರಿನ ಒಂದು ಬೆಳಿಗ್ಗೆ ಪೆರಿಯಾರ್ ಕಾಡಿನಲ್ಲಿ ನಮ್ಮ ಮುಂದೆ ನಡೆಯುತ್ತಿದ್ದ ಮಾರ್ಗದರ್ಶಿ ಅಂಥದೊಂದು ಮರದ ಮುಂದೆ ನಿಂತರು. ಕಾಂಡದ ಒಂದು ಮಗ್ಗುಲಲ್ಲಿ ಎದೆಯೆತ್ತರದ ಹಳೆಯ ಗಾಯ. ಅಂಚುಗಳು ತುಟಿಯಂತೆ ಉಬ್ಬಿ ಒಳಕ್ಕೆ ಮಡಚಿಕೊಂಡಿದ್ದವು.

“ಒಂದು ಪಟ್ಟಿ ತೊಗಟೆ ಉಳಿದಿತ್ತು ಸಾರ್, ಅದಕ್ಕೇ ಬದುಕಿದೆ” ಎಂದರು. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ಒಳತೊಗಟೆಯ ಮೂಲಕ. ಸುತ್ತಲೂ ಸುಲಿದುಬಿಟ್ಟರೆ ಬೇರು ಉಪವಾಸ ಬೀಳುತ್ತದೆ, ಮರ ನಿಂತಲ್ಲೇ ಒಣಗುತ್ತದೆ. ಒಂದು ಪಟ್ಟಿ ಉಳಿದರೆ, ಅದರ ಬಲದಲ್ಲಿ ಗಾಯದ ಅಂಚು ವರ್ಷ ವರ್ಷವೂ ಒಂದಿಷ್ಟು ಮುಂದೆ ಸರಿಯುತ್ತದೆ. ಈ ಮರದಲ್ಲಿ ನಡುವೆ ಇನ್ನೂ ಅಂಗೈಯಗಲದ ಒಣಕಟ್ಟಿಗೆ ಬಯಲಾಗಿಯೇ ಇತ್ತು.

ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ 1998ರಲ್ಲಿ ‘ಟೈಗರ್ ಟ್ರೇಲ್’ ಎಂಬ ಕಾಲ್ನಡಿಗೆ ಚಾರಣ ಆರಂಭವಾದಾಗ ಅದಕ್ಕೆ ಮಾರ್ಗದರ್ಶಿಗಳಾದವರು ಹಿಂದೆ ಈ ತೊಗಟೆ ಕದಿಯುತ್ತಿದ್ದವರೇ. ಅರಣ್ಯ ಇಲಾಖೆ ಅವರನ್ನು ಒಂದು ಪರಿಸರಾಭಿವೃದ್ಧಿ ಸಮಿತಿಯಾಗಿ ಸೇರಿಸಿತು. ಪ್ರವಾಸಿಗರನ್ನು ಕರೆದೊಯ್ಯುವುದರ ಜೊತೆಗೆ ಕಾಡಿನ ಗಸ್ತೂ ಅವರ ಕೆಲಸ. ಮನ್ನಾನ್ ಮತ್ತು ಪಳಿಯನ್ ಬುಡಕಟ್ಟಿನವರು ಬೇರೆ ನಡಿಗೆಗಳಿಗೆ ದಾರಿ ತೋರುತ್ತಾರೆ. ಕಾಡಿನ ಪ್ರವಾಸದ ಲಾಭ ಸ್ಥಳೀಯರಿಗೇ ಸಲ್ಲಬೇಕೆಂಬ ಯೋಚನೆ ಆಫ್ರಿಕದಲ್ಲೂ ಹಳೆಯದು. ಈಗಿನ ಜಾಂಬಿಯಾದ ಲುವಾಂಗ್ವಾ ಕಣಿವೆಯಲ್ಲಿ ಕಾಲ್ನಡಿಗೆ ಸಫಾರಿಯನ್ನು ಬೆಳೆಸಿದ ನಾರ್ಮನ್ ಕಾರ್, 1950ರಲ್ಲಿ ಅಲ್ಲಿನ ನ್ಸೆಫು ಮುಖಂಡರನ್ನು ಒಪ್ಪಿಸಿ ಪ್ರವಾಸಿ ಬಿಡಾರ ತೆರೆದಾಗ, ಅದರ ಆದಾಯ ಆ ಜನಕ್ಕೇ ಸಲ್ಲುವ ಏರ್ಪಾಡು ಮಾಡಿದ್ದರು. ಅಲ್ಲಿನ ಬಯಲಿನಲ್ಲಿ ಆನೆ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಇಲ್ಲಿ ಒತ್ತಾದ ಹಸಿರಿನ ಆಚೆ ಹತ್ತು ಮಾರು ದೂರದಲ್ಲಿ ಆನೆ ನಿಂತಿದ್ದರೂ ಕಾಣದು. ಆದ್ದರಿಂದ ಇಲ್ಲಿನ ನಡಿಗೆಯಲ್ಲಿ ನೋಡುವುದಕ್ಕಿಂತ ಓದುವುದೇ ಹೆಚ್ಚು.

ಮೊದಲ ಪಾಠ ಲದ್ದಿ. ಹಸಿರು ಮಿಶ್ರಿತ ಹೊಳಪಿದ್ದು, ಹೊರಪದರ ತೇವವಾಗಿದ್ದರೆ ಆನೆ ಹತ್ತಿರದಲ್ಲೇ ಇದೆ. ಮೇಲ್ಮೈ ಕಂದು ಬಣ್ಣಕ್ಕೆ ತಿರುಗಿ ಸಗಣಿಹುಳು ತೂತು ಕೊರೆದಿದ್ದರೆ ಅದು ದಾಟಿಹೋಗಿದೆ. ಇನ್ನೂ ಹಳೆಯದರಲ್ಲಿ ಅಣಬೆ ಎದ್ದಿರುತ್ತದೆ, ಬೀಜ ಮೊಳೆತಿರುತ್ತದೆ. ಆಮೇಲೆ ಹೆಜ್ಜೆ: ಮುಂಗಾಲಿನದು ದುಂಡು, ಹಿಂಗಾಲಿನದು ನೀಳ. ಮುಂಗಾಲ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಹೆಚ್ಚುಕಡಿಮೆ ಆನೆಯ ಭುಜದೆತ್ತರ ಸಿಗುತ್ತದೆ. ಮಾರ್ಗದರ್ಶಿ ಕಾಡುಬಳ್ಳಿಯೊಂದರಿಂದ ಅಳೆದು, ಆ ಅಳತೆಯ ಎರಡರಷ್ಟು ಉದ್ದದ ಬಳ್ಳಿಯನ್ನು ಎತ್ತಿ ಹಿಡಿದರು. ಅದು ಅವರ ತಲೆಯನ್ನು ದಾಟಿ ಮೇಲೆ ಹೋಯಿತು.

ಕೆರೆಯಂಚಿನ ಕೆಸರಲ್ಲಿ ಕಡವೆಯ ಗೊರಸು, ಅದರ ಮೇಲೆ ಸೀಳುನಾಯಿಗಳ ಹೆಜ್ಜೆ, ಪ್ರತಿ ಬೆರಳಿನ ಮುಂದೆ ಉಗುರಿನ ಚುಕ್ಕೆ. ಹುಲಿಯದಾದರೆ ಉಗುರು ಒಳಗೇ ಇರುತ್ತದೆ, ಚುಕ್ಕೆ ಮೂಡುವುದಿಲ್ಲ. ಕಡವೆ ಮೊದಲು ಬಂದಿತ್ತು, ನಾಯಿಗಳು ಆಮೇಲೆ. ಎಷ್ಟು ಹೊತ್ತಿನ ಮೇಲೆ ಎಂದು ತಿಳಿಯಲು ಅವರು ಎರಡರ ಅಂಚನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಪೆರಿಯಾರ್ ಕಾಡಿನ ಪ್ರವಾಸಿ ತಾಣವಾದ ತೇಕ್ಕಡಿಗೆ ಬರುವವರು ದೋಣಿಯಲ್ಲಿ ಕೂತು ದಡದ ಕಾಟಿಗಳನ್ನು ನೋಡಿ ಹಿಂದಿರುಗುವುದುಂಟು. ಅದೂ ಒಳ್ಳೆಯದೇ. ಆದರೆ ಮೂಗು, ಬೆರಳು, ಅಂಗಾಲುಗಳಿಗೆ ದೋಣಿಯಲ್ಲಿ ಕೆಲಸವಿಲ್ಲ.

ಈ ಓದನ್ನು ಚೆನ್ನಾಗಿ ಬಲ್ಲ ಇನ್ನೊಂದು ಬಳಗ, ದನಗಾಹಿಗಳದು, ಕೆಳಗಿನ ಕಣಿವೆಯಲ್ಲಿದೆ. ಕಂಬಂ, ಬೋಡಿನಾಯಕನೂರು ಕಡೆ ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಆಡುವ ಕಪ್ಪಿಲಿಯರ್ ಮತ್ತು ಒಕ್ಕಲಿಗ ಕುಟುಂಬಗಳಿವೆ. ಕಂಬಂನ ನಂದಗೋಪಾಲ ತಂಬಿರಾನ್ ಗುಡಿಯಲ್ಲಿ ಪೂಜೆ ಸಲ್ಲುವುದು ಜೀವಂತ ದನಗಳಿಗೆ. ತೇನಿ ಜಿಲ್ಲೆಯ ‘ಮಲೈ ಮಾಡು’ ತಳಿಯ ದನಗಳು ಬೆಟ್ಟ ಹತ್ತಿ ಮೇದು ಬೆಳೆದವು. ಅವನ್ನು ಮೇಯಿಸುವವರಿಗೆ ಯಾವ ಹಳ್ಳದಲ್ಲಿ ಬೇಸಿಗೆಗೂ ನೀರಿರುತ್ತದೆ, ಆನೆ ಯಾವ ಕಣಿವೆಯಲ್ಲಿ ಇಳಿಯುತ್ತದೆ ಎಂಬುದು ಬಾಯಿಪಾಠ. 2021ರಲ್ಲಿ ಈ ಬೆಟ್ಟಗಳ ಕಡೆ ಶ್ರೀವಿಲ್ಲಿಪುತ್ತೂರು–ಮೇಘಮಲೈ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. 2022ರಲ್ಲಿ ಮದ್ರಾಸ್ ಹೈಕೋರ್ಟ್ ಇಂಥ ರಕ್ಷಿತ ಕಾಡುಗಳಲ್ಲಿ ಮೇಯಿಸುವುದನ್ನು ತಡೆಯಿತು. ದನ ಹೆಚ್ಚಾದರೆ ಕಡವೆಗೂ ಕಾಟಿಗೂ ಹುಲ್ಲು ಕಡಿಮೆಯಾಗುತ್ತದೆ, ರೋಗವೂ ದಾಟುತ್ತದೆ ಎಂಬುದು ನಿಜ. ಆದರೆ ದನದ ಜೊತೆಗೆ ದನ ಕಾಯುವವರ ಅರಿವನ್ನೂ ಗಡಿಯಾಚೆ ನಿಲ್ಲಿಸಿದರೆ ನಷ್ಟ ಕಾಡಿಗೇ. ಪೆರಿಯಾರಿನಲ್ಲಿ ಹಿಂದೆ ದನ ಮೇಯಿಸುತ್ತಿದ್ದ ತಮಿಳುನಾಡಿನವರಿಗೂ ಸಮಿತಿ ಇದೆ. ಅವರು ಪ್ರವಾಸಿಗರನ್ನು ಎತ್ತಿನ ಗಾಡಿಯಲ್ಲಿ ಕಣಿವೆಯ ಹೊಲ ತೋಟಗಳಿಗೆ ಕರೆದೊಯ್ಯುತ್ತಾರೆ. ಮೇಘಮಲೈಯ ದನಗಾಹಿಗಳನ್ನು ಗಸ್ತಿಗೂ ಮಾರ್ಗದರ್ಶನಕ್ಕೂ ಕರೆಯಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ಹತ್ತು ಗಂಟೆಯ ಹೊತ್ತಿಗೆ ಕರಿ ಮುಸುವಗಳ ಗುಂಪೊಂದು ಮೇಲೆ ಕೂಗಿ ಥಟ್ಟನೆ ಸುಮ್ಮನಾಯಿತು. ಮಾರ್ಗದರ್ಶಿ ಕೈಯೆತ್ತಿದರು. ಹಿಡಿ ಬೂದಿ ಉದುರಿಸಿದಾಗ ಅದು ನಮ್ಮ ಕಡೆಗೇ ತೇಲಿ ಬಂತು. ಗಾಳಿ ನಮಗೆ ಅನುಕೂಲವಾಗಿತ್ತು. ಮುಂದಿನ ಹೊದರಿನಲ್ಲಿ ಬಿದಿರು ಮುರಿದ ಸದ್ದು, ಬಳಿಕ ಹೊಟ್ಟೆಯಾಳದ ಗುಡುಗು. ಮರಿಯಿರುವ ಗುಂಪು ಎಂದು ಅವರು ಸನ್ನೆಯಲ್ಲೇ ತಿಳಿಸಿದರು. ಆನೆಗಳ ಬೆನ್ನೂ ನಮಗೆ ಕಾಣಲಿಲ್ಲ. ನಮ್ಮ ಹಿಂದೆ ಬರುತ್ತಿದ್ದ ಬಂದೂಕುಧಾರಿ ಅರಣ್ಯ ರಕ್ಷಕರು ಮುಂದೆ ಬಂದರು, ನಾವು ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು, ಹಳ್ಳ ದಾಟಿ, ಗುಡ್ಡದ ಇನ್ನೊಂದು ಮಗ್ಗುಲಿನಿಂದ ಸುತ್ತಿದೆವು. ಆ ಸುತ್ತಿನಲ್ಲಿ ಇನ್ನೂ ಎರಡು ವಯಣ ಮರಗಳು ಸಿಕ್ಕವು. ಎರಡೂ ಎಳೆಯವು, ಚಿಗುರು ಕೆಂಪಗಿತ್ತು, ತೊಗಟೆಗೆ ಯಾರ ಕತ್ತಿಯೂ ತಾಗಿರಲಿಲ್ಲ.