ಹೆಬ್ಬಾಳದಿಂದ ಹೊರಟು ಇನ್ನೂರು ಕಿಲೋಮೀಟರ್

ಭಾನುವಾರ ಬೆಳಗಿನ ಜಾವ ಹೆಬ್ಬಾಳದ ಮೇಲ್ಸೇತುವೆ ದಾಟಿ ಯಲಹಂಕದ ಕಡೆ ಹೋಗುವವರಿಗೆ ಒಂದು ನೋಟ ಚೆನ್ನಾಗಿ ಗೊತ್ತು. ರಸ್ತೆಯ ಎಡಬದಿಯಲ್ಲಿ ಸಾಲಾಗಿ ಮಿನುಗುವ ಪುಟ್ಟ ಪುಟ್ಟ ಕೆಂಪು ದೀಪಗಳು, ಹೆಲ್ಮೆಟ್ ತೊಟ್ಟು ತಲೆ ಬಗ್ಗಿಸಿ ಪೆಡಲ್ ತುಳಿಯುವ ಸವಾರರು. ಅವರಲ್ಲಿ ಹೆಚ್ಚಿನವರು ದೇವನಹಳ್ಳಿಗೋ ನಂದಿ ಬೆಟ್ಟಕ್ಕೋ ಹೋಗಿ, ದಾರಿಯಲ್ಲಿ ಇಡ್ಲಿ-ಕಾಫಿ ಮುಗಿಸಿ, ಬಿಸಿಲೇರುವ ಮೊದಲು ಮನೆ ಸೇರುತ್ತಾರೆ. ಕೆಲವರು ಮಾತ್ರ ಅಲ್ಲಿಗೇ ನಿಲ್ಲದೆ ಮುಂದಕ್ಕೆ ಹೋಗುತ್ತಾರೆ. ಅವರು ಮನೆಗೆ ಮರಳುವುದು ಸಂಜೆಗತ್ತಲಾದ ಮೇಲೆ. ಅಷ್ಟರಲ್ಲಿ ಅವರು ಕ್ರಮಿಸಿರುವ ದೂರ 200 ಕಿ.ಮೀ.

ಇನ್ನೂರು ಕಿ.ಮೀ. ಎಂದರೆ ಬೆಂಗಳೂರಿನಿಂದ ಹೆಚ್ಚುಕಡಿಮೆ ಚಿತ್ರದುರ್ಗಕ್ಕೆ ಹೋದಷ್ಟು! ಒಂದೇ ದಿನದಲ್ಲಿ ಅಷ್ಟು ದೂರ ಸೈಕಲ್ ತುಳಿಯಲು ಕಾಲಿನಲ್ಲಿ ಎಷ್ಟು ಬಲವಿರಬೇಕು ಎಂದು ನಾವು ಬೆರಗಾಗುತ್ತೇವೆ. ಅನುಭವಿಗಳನ್ನು ಕೇಳಿದರೆ ಅವರು ಬಲದ ಮಾತನ್ನು ಮೊದಲು ಎತ್ತುವುದಿಲ್ಲ. ಲೆಕ್ಕದ ಮಾತನ್ನು ಎತ್ತುತ್ತಾರೆ. ಬೆಳಿಗ್ಗೆ ಮನಸ್ಸು ಹೇಳಿದಷ್ಟು ಜೋರಾಗಿ ಹೋಗದೆ, ಸಂಜೆಗೂ ಶಕ್ತಿ ಉಳಿಸಿಕೊಳ್ಳುವ ಲೆಕ್ಕ ಅದು. ನಾಲ್ಕನೆಯ ತರಗತಿಯ ಗಣಿತ ಬಂದರೆ ಸಾಕು, ನೀವೂ ಈ ಲೆಕ್ಕ ಮಾಡಬಹುದು.

ಇದು ಪಂದ್ಯವಲ್ಲ

ಈ ದೂರದ ಸವಾರಿಗೆ ‘ಬ್ರೆವೆ’ ಎಂದು ಹೆಸರು. ಫ್ರೆಂಚ್ ಭಾಷೆಯಲ್ಲಿ ಹಾಗೆಂದರೆ ಪ್ರಮಾಣಪತ್ರ. ಇದರ ಬೇರು ಇರುವುದು ಇಟಲಿಯಲ್ಲಿ. 1897ರಲ್ಲಿ ಹನ್ನೆರಡು ಮಂದಿ ರೋಮ್‌ನಿಂದ ನೇಪಲ್ಸ್‌ವರೆಗೆ 230 ಕಿ.ಮೀ. ದೂರವನ್ನು ಬೆಳಗಿನಿಂದ ಸಂಜೆಯೊಳಗೆ ಸೈಕಲ್‌ನಲ್ಲಿ ಮುಗಿಸುವ ಸಾಹಸಕ್ಕೆ ಕೈಹಾಕಿದರು. ಅಂಥವರಿಗೆ ‘ಆಡಾಕ್ಸ್’ ಎಂಬ ಹೆಸರು ಬಂತು. ಲ್ಯಾಟಿನ್ ಭಾಷೆಯಲ್ಲಿ ಅದರರ್ಥ ಎದೆಗಾರ. 1904ರಲ್ಲಿ ಆರಂಭವಾದ ಪ್ಯಾರಿಸ್‌ನ ಒಂದು ಕ್ಲಬ್ಬು, ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್, ಇಂದು ಪ್ರಪಂಚದಾದ್ಯಂತ ನಡೆಯುವ ಬ್ರೆವೆಗಳಿಗೆ ಮಾನ್ಯತೆ ಕೊಡುತ್ತದೆ. ನಮ್ಮ ದೇಶದಲ್ಲಿ ಆಡಾಕ್ಸ್ ಇಂಡಿಯಾ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಬೆಂಗಳೂರಿನಲ್ಲೂ ಬ್ರೆವೆ ನಡೆಸುವ ಸವಾರರ ಕ್ಲಬ್ಬು ಇದೆ.

ಬ್ರೆವೆಯಲ್ಲಿ ಮೊದಲ ಸ್ಥಾನ, ಎರಡನೆಯ ಸ್ಥಾನ ಎಂಬುದಿಲ್ಲ. ಗೊತ್ತುಪಡಿಸಿದ ಸಮಯದೊಳಗೆ ಮುಗಿಸಿದವರೆಲ್ಲ ತೇರ್ಗಡೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ. ಈ ನಾಲ್ಕನ್ನೂ ಒಂದೇ ವರ್ಷದಲ್ಲಿ ಮುಗಿಸಿದವರನ್ನು ‘ಸೂಪರ್ ರಾಂಡನರ್’ ಎನ್ನುತ್ತಾರೆ. ದಾರಿಯುದ್ದಕ್ಕೂ ಕೆಲವು ತಪಾಸಣಾ ಸ್ಥಳಗಳಿರುತ್ತವೆ. ಅಲ್ಲಿ ಸವಾರರು ತಮ್ಮ ಕಾರ್ಡಿಗೆ ಗುರುತು ಹಾಕಿಸಿಕೊಳ್ಳಬೇಕು. ಪಂಕ್ಚರ್ ಆದರೆ ತಾವೇ ಸರಿ ಮಾಡಿಕೊಳ್ಳಬೇಕು. ಹಿಂದಿನಿಂದ ಕಾರಿನಲ್ಲಿ ಬಂದು ನೀರು, ತಿಂಡಿ ಕೊಡುತ್ತಾ ಹೋಗಲು ಮನೆಯವರಿಗೂ ಅವಕಾಶವಿಲ್ಲ.

ಇಳಿಜಾರು ಮಾಡುವ ಮೋಸ

ಹೆಬ್ಬಾಳದಿಂದ ಉತ್ತರಕ್ಕೆ ಹೋಗುವ ಬಳ್ಳಾರಿ ರಸ್ತೆ ಶ್ರೀನಗರ-ಕನ್ಯಾಕುಮಾರಿ ರಾಷ್ಟ್ರೀಯ ಹೆದ್ದಾರಿ 44ರ ಒಂದು ತುಣುಕು. ಬೆಳಿಗ್ಗೆ 6 ಗಂಟೆಗೆ ಹೊರಟು ದೇವನಹಳ್ಳಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿಗಳನ್ನು ಹಾದು ಆಂಧ್ರದ ಗಡಿಯ ಬಳಿ ತಿರುಗಿಕೊಂಡು ಬಂದರೆ ಹತ್ತಿರ ಹತ್ತಿರ 200 ಕಿ.ಮೀ. ಆಗುತ್ತದೆ. ಹದಿಮೂರೂವರೆ ಗಂಟೆಯ ಲೆಕ್ಕದಲ್ಲಿ ರಾತ್ರಿ ಏಳೂವರೆಗೆ ವಾಪಸು ಬಂದಿರಬೇಕು.

ಈ ದಾರಿಯಲ್ಲಿ ಒಂದು ಗುಟ್ಟಿದೆ. ಬೆಂಗಳೂರು, ಚಿಕ್ಕಬಳ್ಳಾಪುರಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿವೆ. ಬಾಗೇಪಲ್ಲಿ ಇರುವುದು ಸುಮಾರು 700 ಮೀಟರ್ ಎತ್ತರದಲ್ಲಿ. ಅಂದರೆ ಚಿಕ್ಕಬಳ್ಳಾಪುರ ಕಳೆದ ಮೇಲೆ ರಸ್ತೆ ಒಟ್ಟಾರೆಯಾಗಿ ಕೆಳಗಿಳಿಯುತ್ತಾ ಹೋಗುತ್ತದೆ. ಬೆಳಗಿನ ತಂಪು, ಹೊಸ ಹುರುಪು, ಜೊತೆಗೆ ಇಳಿಜಾರು. ಸೈಕಲ್ಲು ತಾನಾಗಿಯೇ ಓಡುತ್ತದೆ, ‘ನಾನು ಎಷ್ಟು ಗಟ್ಟಿಗ!’ ಎನಿಸುತ್ತದೆ. ಇಳಿದದ್ದನ್ನೆಲ್ಲ ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಹತ್ತಬೇಕಾಗುತ್ತದೆ ಎಂಬುದು ಆಗ ನೆನಪಾಗುವುದಿಲ್ಲ.

ಆಷಾಢದ ದಿನಗಳಾದರೆ ಗಾಳಿಯದೂ ಇದೇ ಆಟ. ಪಶ್ಚಿಮ ಮತ್ತು ನೈರುತ್ಯದಿಂದ ಬೀಸುವ ಮುಂಗಾರಿನ ಗಾಳಿ ಉತ್ತರಕ್ಕೆ ಹೋಗುವವರ ಬೆನ್ನಿಗೆ ಒತ್ತಾಸೆಯಾಗಿ ನಿಲ್ಲುತ್ತದೆ. ದಕ್ಷಿಣಕ್ಕೆ ಮರಳುವಾಗ ಎದುರಿನಿಂದ ಬಂದು ಎದೆಗೆ ಕೈಕೊಟ್ಟು ತಡೆಯುತ್ತದೆ.

ಸರಾಸರಿಯ ಲೆಕ್ಕ

ಈಗ ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಮೊದಲ ಸವಾರ ಇಡೀ ದಾರಿಯನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುತ್ತಾನೆ ಎಂದುಕೊಳ್ಳಿ. 200 ಕಿ.ಮೀ.ಗೆ ಅವನಿಗೆ 10 ಗಂಟೆ ಬೇಕು. ಎರಡನೆಯವನು ಉತ್ಸಾಹಿ. ಮೊದಲ 100 ಕಿ.ಮೀ. ದೂರವನ್ನು 24ರ ವೇಗದಲ್ಲಿ ಹೋಗಿ, ದಣಿದು, ಉಳಿದ 100 ಕಿ.ಮೀ. ದೂರವನ್ನು 16ರ ವೇಗದಲ್ಲಿ ಮುಗಿಸುತ್ತಾನೆ. 24 ಮತ್ತು 16ರ ಸರಾಸರಿ 20 ತಾನೇ, ಅವನಿಗೂ 10 ಗಂಟೆಯೇ ಆಗಬೇಕಲ್ಲ ಎಂದು ತೋರುತ್ತದೆ. ಆದರೆ ಮಾಡಿ ನೋಡಿ. ಮೊದಲರ್ಧಕ್ಕೆ 4 ಗಂಟೆ 10 ನಿಮಿಷ, ಎರಡನೆಯದಕ್ಕೆ 6 ಗಂಟೆ 15 ನಿಮಿಷ, ಒಟ್ಟು 10 ಗಂಟೆ 25 ನಿಮಿಷ. ಹೆಚ್ಚು ದಣಿದವನು ತಡವಾಗಿಯೂ ಬಂದ! ನಿಧಾನವಾದ ದಾರಿಯಲ್ಲಿ ಅವನು ಹೆಚ್ಚು ಹೊತ್ತು ಕಳೆದದ್ದೇ ಇದಕ್ಕೆ ಕಾರಣ.

ಅವನು ಅಷ್ಟು ದಣಿದದ್ದೇಕೆ? ತಪ್ಪು ಗಾಳಿಯದು. ಸಮತಟ್ಟಾದ ರಸ್ತೆಯಲ್ಲಿ ಸೈಕಲ್ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳಲು ಖರ್ಚಾಗುತ್ತದೆ. ಗಾಳಿ ಒಡ್ಡುವ ತಡೆಯನ್ನು ಮೀರಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ 20ರಿಂದ 25ಕ್ಕೆ ಏರಿದರೆ, ಅಂದರೆ ಕಾಲು ಭಾಗ ಮಾತ್ರ ಹೆಚ್ಚಿದರೆ, ಕಾಲು ಕೊಡಬೇಕಾದ ಸಾಮರ್ಥ್ಯ ಹೆಚ್ಚುಕಡಿಮೆ ಎರಡರಷ್ಟು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಗಾದೆ ಸೈಕಲ್ಲಿಗೂ ಸಲ್ಲುತ್ತದೆ.

ಸರಿಯಾದ ವೇಗ ಯಾವುದೆಂದು ತಿಳಿಯಲು ಯಂತ್ರವೇ ಬೇಕೆಂದಿಲ್ಲ. ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಿದೆ. ಎರಡು ಪದಕ್ಕೊಮ್ಮೆ ಉಸಿರೆಳೆಯಬೇಕಾದರೆ ಹೆಚ್ಚಾಯಿತು. ಏರು ಬಂದಾಗ ಗೇರು ಇಳಿಸಿ ಹಗುರವಾಗಿ ತುಳಿಯಬೇಕು. ಹದಿನೈದು ಸೆಕೆಂಡಿನಲ್ಲಿ ಒಂದು ಮಂಡಿ ಇಪ್ಪತ್ತು ಸಲ ಮೇಲೆ ಬಂದರೆ ನಿಮಿಷಕ್ಕೆ 80 ಸುತ್ತು. ಅದು ಮಂಡಿಗೆ ಹಿತವಾದ ಲಯ.

ಇನ್ನು ನಿಲ್ಲುವ ಹೊತ್ತಿನ ಲೆಕ್ಕ. 20ರ ವೇಗದವನಿಗೆ ಹದಿಮೂರೂವರೆ ಗಂಟೆಯಲ್ಲಿ ಮೂರೂವರೆ ಗಂಟೆ ಉಳಿಯಿತು. ಬೇಕಾದಷ್ಟಾಯಿತು ಎನಿಸುತ್ತದೆ. ತಿಂಡಿ, ಊಟ, ನೀರು, ಒಂದು ಪಂಕ್ಚರ್, ಫೋಟೊ, ಹರಟೆ ಎಂದು ಅದು ಕರಗುವುದು ಗೊತ್ತೇ ಆಗುವುದಿಲ್ಲ. ಐದು ಕಡೆ ಹತ್ತು ಹತ್ತು ನಿಮಿಷ ಹೆಚ್ಚು ನಿಂತರೆ 50 ನಿಮಿಷ ಹೋಯಿತು. ಅದನ್ನು ಪೆಡಲ್ ತುಳಿದು ಗಳಿಸುವುದು ಬಲು ಕಷ್ಟ.

ಹಸಿವಿಗೆ ಮುಂಚೆ ತಿನ್ನಿ

ನಮ್ಮ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಗ್ಲೈಕೋಜನ್ ಎಂಬ ರೂಪದಲ್ಲಿ ಸಕ್ಕರೆಯ ದಾಸ್ತಾನು ಇರುತ್ತದೆ. ದೊಡ್ಡವರಲ್ಲಿ ಅದು ಸುಮಾರು 400ರಿಂದ 500 ಗ್ರಾಂ. ಜೋರಾಗಿ ತುಳಿದರೆ ಎರಡು ಗಂಟೆಯಲ್ಲೇ ತಳ ಕಾಣುತ್ತದೆ. ಆಗ ಕಾಲು ಸೀಸದಂತೆ ಭಾರವಾಗುತ್ತದೆ, ಕಣ್ಣು ಮಂಜಾಗುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ. ಹಸಿದ ಮೇಲೆ ಹೊಟ್ಟೆ ತುಂಬ ತಿನ್ನುವ ಬದಲು ಅರ್ಧ-ಮುಕ್ಕಾಲು ಗಂಟೆಗೊಮ್ಮೆ ಒಂದಿಷ್ಟು ತಿನ್ನುವುದೇ ಇದಕ್ಕೆ ಉಪಾಯ. ಬಾಳೆಹಣ್ಣು, ಕಡಲೆಮಿಠಾಯಿ, ಖರ್ಜೂರ, ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ ಸಾಕು. ಒಂದು ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ. ಮಧ್ಯಾಹ್ನಕ್ಕೆ ಮೊಸರನ್ನ ಹಿತ. ಹೆದ್ದಾರಿ ಬದಿಯ ಹೋಟೆಲಿನ ಎಣ್ಣೆ ತಿಂಡಿ ಕಣ್ಣಿಗೆ ಹಬ್ಬ, ಹತ್ತುವ ದಾರಿಯಲ್ಲಿ ಹೊಟ್ಟೆಗೆ ಹೊರೆ.

ಗಂಟೆಗೆ ಸುಮಾರು ಅರ್ಧ ಲೀಟರ್ ನೀರು ಬೇಕು, ಬಿಸಿಲಿದ್ದರೆ ಇನ್ನೂ ಹೆಚ್ಚು. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಬರೀ ನೀರನ್ನೇ ಕುಡಿಯುತ್ತಾ ಹೋಗಬಾರದು. ಉಪ್ಪು ಹಾಕಿದ ಮಜ್ಜಿಗೆ, ನಿಂಬೆಹಣ್ಣಿನ ಪಾನಕ, ಓಆರ್‌ಎಸ್ ನಡುನಡುವೆ ಇರಲಿ.

ಹನ್ನೆರಡು ವಾರದ ತಯಾರಿ

ಗಂಟೆಗಟ್ಟಲೆ ಸೀಟಿನ ಮೇಲೆ ಕೂರುವ ಅಭ್ಯಾಸ ಒಂದೆರಡು ವಾರದಲ್ಲಿ ಬರುವುದಿಲ್ಲ. ಉತ್ತರ ಬೆಂಗಳೂರಿನವರಿಗೆ ಮೆಟ್ಟಿಲು ಮೆಟ್ಟಿಲಾಗಿ ಏರಲು ಒಳ್ಳೆಯ ದಾರಿಗಳಿವೆ. ಯಲಹಂಕದಿಂದ ದೇವನಹಳ್ಳಿಗೆ ಹೋಗಿ ಬಂದರೆ ಸುಮಾರು 40 ಕಿ.ಮೀ. ದೊಡ್ಡಬಳ್ಳಾಪುರದ ಮೇಲೆ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಬಂದರೆ ಅದರ ಇಮ್ಮಡಿಯಷ್ಟು. ಆಮೇಲೆ ನಂದಿ ಬೆಟ್ಟ. 1,478 ಮೀಟರ್ ಎತ್ತರದ ಈ ಬೆಟ್ಟದ ತಿರುವುಗಳಲ್ಲಿ ಮೊದಲ ಕಿಲೋಮೀಟರನ್ನು ಜೋರಾಗಿ ಹತ್ತಿದವರು ಕೊನೆಯ ಕಿಲೋಮೀಟರಿನಲ್ಲಿ ಸೈಕಲ್ ತಳ್ಳುತ್ತಾರೆ. ಸಮವೇಗದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಇಳಿಯುವಾಗ ಮಾತ್ರ ಎಡಬದಿ ಬಿಡದೆ, ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತಾ ನಿಧಾನವಾಗಿ ಬರಬೇಕು.

ವಾರದ ಅತಿ ಉದ್ದದ ಸವಾರಿಯನ್ನು ಪ್ರತಿ ವಾರ ಹತ್ತನೇ ಒಂದು ಭಾಗದಷ್ಟು ಹೆಚ್ಚಿಸುತ್ತಾ ಹೋಗಿ. ನಾಲ್ಕನೆಯ ವಾರ ದೂರ ಇಳಿಸಿ ಮೈಗೆ ವಿಶ್ರಾಂತಿ ಕೊಡಿ. ದಣಿವಿಲ್ಲದೆ 100-120 ಕಿ.ಮೀ. ಮುಗಿಸುವವರು ಸಮಾಧಾನದಿಂದ ಹೋದರೆ 200ನ್ನೂ ಮುಗಿಸಬಲ್ಲರು. ಹೃದಯದ ತೊಂದರೆ, ರಕ್ತದೊತ್ತಡ, ಮಧುಮೇಹ ಇರುವವರು ಮೊದಲು ವೈದ್ಯರನ್ನು ಕಾಣಬೇಕು.

ಸೈಕಲ್ಲಿನ ಸೀಟಿನ ಎತ್ತರವೂ ಮುಖ್ಯ. ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಎರಡು ಹೆಚ್ಚುವರಿ ಟ್ಯೂಬು, ಪಂಪು, ಪಂಕ್ಚರ್ ಸಾಮಾನು, ಹೆಲ್ಮೆಟ್, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಹೊಳೆಯುವ ಪಟ್ಟಿಯ ಜಾಕೆಟ್ ಜೊತೆಗಿರಲಿ. ಟ್ಯೂಬು ಬದಲಿಸುವುದನ್ನು ಮನೆಯ ಅಂಗಳದಲ್ಲೇ ನಾಲ್ಕು ಸಲ ಮಾಡಿ ಕಲಿಯಿರಿ. ಕತ್ತಲಲ್ಲಿ, ಲಾರಿಗಳು ಓಡಾಡುವ ರಸ್ತೆಯ ಬದಿ ಕಲಿಯುವ ವಿದ್ಯೆ ಅದಲ್ಲ.

ನಿಲ್ಲಿಸುವುದೂ ಒಂದು ವಿದ್ಯೆ

1891ರ ಮೊದಲ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸ್ಪರ್ಧೆಯಲ್ಲಿ ಗೆದ್ದ ಶಾರ್ಲ್ ತೆರೋಂ ಸುಮಾರು 1,200 ಕಿ.ಮೀ. ದೂರವನ್ನು ನಿದ್ದೆಯಿಲ್ಲದೆ 71 ಗಂಟೆ 22 ನಿಮಿಷದಲ್ಲಿ ಮುಗಿಸಿದ್ದ. ಇಂದು ಅದೇ ದಾರಿಯಲ್ಲಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಬ್ರೆವೆಗೆ 90 ಗಂಟೆಯ ಅವಕಾಶವಿದೆ. ಭಾರತದಿಂದಲೂ ಸವಾರರು ಹೋಗುತ್ತಾರೆ. ಆದರೆ ನಿದ್ದೆಗೆಡುವುದು ಅನುಕರಿಸುವ ಸಾಹಸವಲ್ಲ. 400, 600 ಕಿ.ಮೀ. ಬ್ರೆವೆಗಳಲ್ಲಿ ರಾತ್ರಿಯೂ ಸವಾರಿ ಮಾಡಬೇಕಾಗುತ್ತದೆ. ಒಂದೆರಡು ಸೆಕೆಂಡು ಕಣ್ಣು ಮುಚ್ಚಿದರೂ ಸೈಕಲ್ಲು ರಸ್ತೆಯ ಮಧ್ಯಕ್ಕೆ ಹೊರಳುತ್ತದೆ. ರೆಪ್ಪೆ ಭಾರವಾಯಿತೆಂದರೆ ಪೆಟ್ರೋಲ್ ಬಂಕಿನಂಥ ಬೆಳಕಿರುವ ಜಾಗದಲ್ಲಿ ಇಳಿದು ಇಪ್ಪತ್ತು ನಿಮಿಷ ಮಲಗಬೇಕು. ತಲೆ ಸುತ್ತಿದರೆ, ವಾಂತಿ ನಿಲ್ಲದಿದ್ದರೆ, ಎದೆ ನೋವು ಬಂದರೆ ಕಾರ್ಡು ಜೇಬಿಗಿಟ್ಟು ಮನೆಗೆ ಫೋನ್ ಮಾಡಬೇಕು. ಅರ್ಧಕ್ಕೆ ಬಿಟ್ಟವರು ಮುಂದಿನ ತಿಂಗಳು ಮತ್ತೆ ಹೊರಡಬಹುದು.

ಮನೆಯವರ ಪಾಲಿನ ಕೆಲಸವೂ ಇದೆ. ಹೊರಡುವ ಮುನ್ನ ದಾರಿ, ನಿಲ್ಲುವ ಊರು, ಪ್ರತಿ ಊರಿಗೆ ಸೇರುವ ಅಂದಾಜು ಸಮಯ ಬರೆದ ಚೀಟಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿಕೊಳ್ಳಿ. ‘ಎಲ್ಲಿದ್ದೀರಿ?’ ಎಂದು ಗಂಟೆಗೊಮ್ಮೆ ಫೋನ್ ಮಾಡುವುದು ಬೇಡ. ನಿಂತ ಕಡೆಯಿಂದ ಅವರೇ ಒಂದು ಸಂದೇಶ ಕಳಿಸಲಿ.

ಮಕ್ಕಳಿಗೊಂದು ಆಟ

ಹೆದ್ದಾರಿಯ ಬ್ರೆವೆ ದೊಡ್ಡವರದು. ಅದರ ಲೆಕ್ಕ ಮಾತ್ರ ಮಕ್ಕಳಿಗೂ ಸಲ್ಲುತ್ತದೆ. ನಿಮ್ಮ ಬಡಾವಣೆಯಲ್ಲಿ ವಾಹನಗಳಿಲ್ಲದ ಒಳರಸ್ತೆಯನ್ನೋ ಅಪಾರ್ಟ್‌ಮೆಂಟಿನ ಸುತ್ತುದಾರಿಯನ್ನೋ ಆರಿಸಿಕೊಳ್ಳಿ. ಹೆಲ್ಮೆಟ್ ಹಾಕಿಕೊಂಡು ನಾಲ್ಕು ಸುತ್ತು ಹೋಗಿ. ಪ್ರತಿ ಸುತ್ತಿಗೆ ಎಷ್ಟು ಹೊತ್ತಾಯಿತೆಂದು ಅಪ್ಪನೋ ಅಜ್ಜಿಯೋ ಬರೆದುಕೊಳ್ಳಲಿ. ಅತಿ ಬೇಗನೆಯ ಸುತ್ತಿಗೂ ಅತಿ ನಿಧಾನದ ಸುತ್ತಿಗೂ ಇರುವ ವ್ಯತ್ಯಾಸ ಯಾರದು ಕಡಿಮೆಯೋ ಅವರೇ ಗೆದ್ದಂತೆ. ಗಡಿಯಾರ ನೋಡುವಂತಿಲ್ಲ!

ಬ್ರೆವೆಯ ಹೊಸ ವರ್ಷ ಆರಂಭವಾಗುವುದು ನಮ್ಮ ರಾಜ್ಯೋತ್ಸವದ ದಿನ, ನವೆಂಬರ್ 1ರಂದು. ಅಲ್ಲಿಂದ ಹನ್ನೆರಡು ವಾರ ಹಿಂದಕ್ಕೆ ಎಣಿಸಿದರೆ ಆಗಸ್ಟ್ ಎರಡನೆಯ ವಾರ. ಮನೆಯಲ್ಲಿ ಯಾರಿಗಾದರೂ ಇನ್ನೂರರ ಆಸೆಯಿದ್ದರೆ ಕ್ಯಾಲೆಂಡರಿನಲ್ಲಿ ಆ ಭಾನುವಾರಕ್ಕೆ ಈಗಲೇ ಗುರುತು ಹಾಕಿ, ಪಕ್ಕದಲ್ಲಿ ‘ದೇವನಹಳ್ಳಿ, 40 ಕಿ.ಮೀ.’ ಎಂದು ಬರೆದಿಡಿ.