ಕಂಡು ಹಿಡಿಯುವ ಮೀನು

ಗಾಳ ಹಾಕುವುದರಲ್ಲಿ ಎರಡು ಬಗೆ ಉಂಟು. ಎರೆಹುಳುವನ್ನೋ ರಾಗಿ ಹಿಟ್ಟಿನ ಉಂಡೆಯನ್ನೋ ಕೊಕ್ಕೆಗೆ ಸಿಕ್ಕಿಸಿ, ಮಡುವಿಗೆ ಎಸೆದು, ಯಾವ ಮೀನು ಬಂದೀತೆಂದು ಕಾಯುತ್ತ ಕೂರುವುದು ಒಂದು. ಮೊದಲು ನೀರಿನೊಳಗೆ ಮೀನನ್ನು ಕಂಡು, ಅದರ ಜಾತಿ, ಗಾತ್ರ, ಮುಖ ಮಾಡಿರುವ ದಿಕ್ಕು ಇವನ್ನು ಗೊತ್ತುಮಾಡಿಕೊಂಡು, ಆ ಒಂದಕ್ಕೇ ಗಾಳ ಬೀಸುವುದು ಇನ್ನೊಂದು. ಈ ಎರಡನೆಯ ಬಗೆಯಲ್ಲಿ ಕೊಕ್ಕೆಯ ಮೇಲೆ ಗರಿ, ಕೂದಲು, ದಾರಗಳನ್ನು ಸುತ್ತಿ ಕಟ್ಟಿದ ಹುಸಿ ನೊಣವನ್ನು ಬಳಸುವವರಿದ್ದಾರೆ. ಇದಕ್ಕೆ ‘ಫ್ಲೈ ಫಿಶಿಂಗ್’ ಎಂದು ಹೆಸರು. ನೊಣಕ್ಕೆ ತೂಕವಿಲ್ಲದ್ದರಿಂದ ದಪ್ಪನೆಯ ಹುರಿಯ ತೂಕವೇ ಅದನ್ನು ಗುರಿಗೆ ಒಯ್ಯಬೇಕು.

ನಮ್ಮ ನದಿಗಳಲ್ಲಿ ಗಾಳದ ಆಟಕ್ಕೆ ಹೆಸರಾದ ಮೀನು ಮಹಶೀರ್. ಕಾವೇರಿಯ ತೀರದವರಿಗೆ ಇದು ಬಿಳಿ ಮೀನು, ತುಳುವರಿಗೆ ಪೆರುವೋಲು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಎಚ್. ಎಸ್. ಥಾಮಸ್ ಎಂಬವರು 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಬರೆದು ಇದರ ಕೀರ್ತಿಯನ್ನು ಹೊರನಾಡಿಗೆ ಮುಟ್ಟಿಸಿದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಎಳೆದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತು.

ಇಂತಹ ಮೀನನ್ನು ಕಾಣುವುದು ಹೇಗೆ? ಸೂರ್ಯ ನಮ್ಮ ಬೆನ್ನಿಗಿರಬೇಕು. ಆದರೆ ನಮ್ಮ ನೆರಳು ನೀರಿನ ಮೇಲೆ ಬೀಳಬಾರದು. ಹೊಳಪನ್ನು ತಡೆಯುವ ಪೋಲರಾಯ್ಡ್ ಕನ್ನಡಕವಿದ್ದರೆ ತಳದ ಕಲ್ಲುಗಳೂ ಕಾಣುತ್ತವೆ. ಹರಿವಿನಲ್ಲಿರುವ ಮೀನು ಸಾಮಾನ್ಯವಾಗಿ ಮೇಲ್ಹೊಳೆಗೆ ಮುಖ ಮಾಡಿರುತ್ತದೆ. ಆದುದರಿಂದ ಕೆಳಗಿನಿಂದ, ಬಗ್ಗಿಕೊಂಡು, ಕಾಲ ಸಪ್ಪಳವಿಲ್ಲದೆ ಸಮೀಪಿಸಬೇಕು. ನೆಲದ ಅದುರು ಅದರ ಮೈಯ ಪಾರ್ಶ್ವರೇಖೆಗೆ ತಿಳಿದುಬಿಡುತ್ತದೆ. ಬೆಳಕು ನೀರಿನಲ್ಲಿ ಬಾಗುವುದರಿಂದ ಮೀನು ನಮಗೆ ಕಾಣುವುದಕ್ಕಿಂತ ಹೆಚ್ಚು ಆಳದಲ್ಲಿರುತ್ತದೆ. ಮಹಶೀರಿನ ದವಡೆಯಲ್ಲಿ ಹಲ್ಲಿಲ್ಲ. ಗಂಟಲಲ್ಲಿರುವ ಹಲ್ಲಿನಿಂದಲೇ ಅದು ಏಡಿ, ಬಸವನಹುಳುಗಳನ್ನು ಅರೆಯುತ್ತದೆ. ದಡದ ಮರದಿಂದ ಉದುರಿದ ಹಣ್ಣನ್ನೂ ತಿನ್ನುತ್ತದೆ.

ಇಷ್ಟೆಲ್ಲ ನೋಟದ ಶಿಸ್ತನ್ನು ವಾಚಕರ ಮುಂದಿಡಲು ಒಂದು ಕಾರಣವಿದೆ. ನೋಡಿ ಗುರುತಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಾವೇರಿಯೇ ಸಾಕ್ಷಿ.

ಕಲ್ಯಾಣದಿಂದ ಪುಣೆಯ ಗಾಡಿ ಹತ್ತಿದವರಿಗೆಲ್ಲ ಲೋಣಾವಳ ಗೊತ್ತು. ಅಲ್ಲಿ ಟಾಟಾ ವಿದ್ಯುತ್ ಕಂಪನಿಯವರು 1970ರ ದಶಕದಲ್ಲಿ ಮಹಶೀರ್ ಮರಿಗಳನ್ನು ಮಾಡಿಸುವ ಕೇಂದ್ರವನ್ನು ನಡೆಸತೊಡಗಿದರು. ಅಲ್ಲಿನದು ನೀಲಿ ಈಜುರೆಕ್ಕೆಯ ಜಾತಿ. 1839ರಲ್ಲಿ ಸೈಕ್ಸ್ ಎಂಬವರು ಪುಣೆಯ ಬಳಿಯ ಹೊಳೆಯ ಮೀನನ್ನು ನೋಡಿ ಶಾಸ್ತ್ರೀಯವಾಗಿ ವರ್ಣಿಸಿದ್ದು ಇದನ್ನೇ. ಮೀನು ಕಡಿಮೆಯಾಗುತ್ತಿದ್ದ ಕಾವೇರಿಗೆ ಸದುದ್ದೇಶದಿಂದಲೇ ಈ ಮರಿಗಳನ್ನು ತಂದು ಬಿಡಲಾಯಿತು. ಆದರೆ ಕಾವೇರಿಯ ಸ್ವಂತ ಮೀನು ಬೇರೆ: ತಲೆಯ ಹಿಂದೆ ಗೂನಿನಂತೆ ಏರಿದ ಬೆನ್ನು, ಕಿತ್ತಳೆ ಬಣ್ಣದ ಈಜುರೆಕ್ಕೆ. ದೊಡ್ಡ ಮೈಗೆ ಹೆಸರಾದದ್ದು ಆ ಗೂನು ಬೆನ್ನಿನದು.

ಕಾವೇರಿಯ ಗಾಲಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಗಾರರು ಹಿಡಿದು ಮರಳಿ ಬಿಟ್ಟ ಆರು ಸಾವಿರಕ್ಕೂ ಮಿಕ್ಕ ಮೀನುಗಳ ಲೆಕ್ಕ ಉಳಿದಿತ್ತು. ಒಟ್ಟಾಗಿ ನೋಡಿದರೆ ಮಹಶೀರಿನ ಸಂಖ್ಯೆ ಏರುತ್ತಲೇ ಇತ್ತು. ಯಾರಾದರೂ ಸಂತೋಷಪಡಬೇಕಾದ ಲೆಕ್ಕ. ಬಣ್ಣ ನೋಡಿ ಎರಡು ಪಾಲು ಮಾಡಿದಾಗ ನಿಜ ಹೊರಬಂತು. ಏರಿದ್ದು ನೀಲಿ ರೆಕ್ಕೆಯದು. ಗೂನು ಬೆನ್ನಿನದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು, ಸಿಕ್ಕಿದವುಗಳ ಸರಾಸರಿ ತೂಕ ಮಾತ್ರ ಹೆಚ್ಚುತ್ತಿತ್ತು. ಎಂದರೆ ಮುದಿ ಮೀನುಗಳಿವೆ, ಮರಿಗಳಿಲ್ಲ. ಮಕ್ಕಳಿಲ್ಲದ ಊರಿನ ಹಾಗೆ.

ಇನ್ನೊಂದು ವಿಚಿತ್ರವೆಂದರೆ, ಶತಮಾನಕ್ಕೂ ಹೆಚ್ಚು ಕಾಲ ಬೇಟೆಗಾರರು ಹೊಗಳಿದ ಈ ಮೀನಿಗೆ ಖಚಿತವಾದ ಶಾಸ್ತ್ರೀಯ ನಾಮವೇ ಇರಲಿಲ್ಲ. 2007ರಲ್ಲಿ ಕೇರಳದ ಪಾಂಬಾರಿನಿಂದ ವರ್ಣಿಸಲ್ಪಟ್ಟ ‘ಟಾರ್ ರೆಮಾದೇವಿ’ ಎಂಬ ಜಾತಿಯೇ ಇದು ಎಂದು ಗೊತ್ತಾದದ್ದು 2018ರಲ್ಲಿ. ಅದೇ ವರ್ಷ ಇದನ್ನು ಅಳಿವಿನ ಅಂಚಿನ ಜೀವಿಗಳ ಕೆಂಪು ಪಟ್ಟಿಗೆ, ಅತ್ಯಂತ ಅಪಾಯದ ವರ್ಗದಲ್ಲಿ ಸೇರಿಸಲಾಯಿತು. ಹೆಸರಿಲ್ಲದ ಮೀನನ್ನು ಯಾವ ಪಟ್ಟಿಯಲ್ಲಿ ಬರೆದಾರು? ಎಲ್ಲವನ್ನೂ ‘ಮಹಶೀರ್’ ಎಂದು ಒಂದೇ ಬುಟ್ಟಿಗೆ ಹಾಕಿದ್ದರಿಂದ, ಒಂದು ಜಾತಿಯ ಹೆಚ್ಚಳದ ಮರೆಯಲ್ಲಿ ಇನ್ನೊಂದು ಜಾತಿ ಸದ್ದಿಲ್ಲದೆ ಸವೆಯಿತು. ಅಣೆಕಟ್ಟು, ಮರಳು ಅಗೆತ, ಸಿಡಿಮದ್ದಿನ ಬೇಟೆಗಳೂ ಸೇರಿಕೊಂಡವು.

ಹಿಡಿಯುವುದಿರಲಿ, ನೋಡುವುದನ್ನಾದರೂ ನಾವು ಕಲಿಯಬಹುದು. ಅಭಯಾರಣ್ಯದೊಳಗಿನ ಕಾವೇರಿಯಲ್ಲಿ ಗಾಳದ ಶಿಬಿರಗಳು 2012ರ ಹೊತ್ತಿಗೆ ನಿಂತುಹೋದವು. ಆದರೆ ರಾಯಗಡ ಜಿಲ್ಲೆಯ ಮಹಾಡದ ಬಳಿ ವಾಳಣ ಕೊಂಡದ ದೇವಿಯ ಮಡುವಿನಲ್ಲಿ ಮಹಶೀರುಗಳು ದೈವದ ರಕ್ಷೆಯಲ್ಲಿವೆ. ಅಲ್ಲಿ ಯಾರೂ ಮೀನು ಹಿಡಿಯುವುದಿಲ್ಲ. ಊರಿಗೆ ಹೋದಾಗ ಶೃಂಗೇರಿಯ ತುಂಗೆಯ ಮೆಟ್ಟಿಲುಗಳಲ್ಲೂ ಶಿಶಿಲದ ಕಪಿಲೆಯ ದಡದಲ್ಲೂ ನಿಂತು ನೋಡಬಹುದು. ಮಂಡಕ್ಕಿ ಎಸೆದು ಮೀನು ಮುತ್ತಿದ್ದನ್ನು ಕಂಡು ತಿರುಗಿ ಬರುವುದು ಎಲ್ಲರ ವಾಡಿಕೆ. ಈ ಬಾರಿ ಸ್ವಲ್ಪ ಹೊತ್ತು ಹೆಚ್ಚು ನಿಲ್ಲೋಣ. ರೆಕ್ಕೆಯ ಬಣ್ಣ ಯಾವುದು, ಬೆನ್ನು ಹೇಗಿದೆ, ದೊಡ್ಡವುಗಳ ಜೊತೆಗೆ ಮರಿಗಳಿವೆಯೇ ಎಂದು ಮಕ್ಕಳಿಗೆ ತೋರಿಸಿಕೊಡೋಣ.